ಎಂಎಂಎ ಶುರು ಮಾಡುವವರಿಗೆ: ಡಾಕ್ಟ್ರ ಹತ್ತಿರ ಕೇಳಿ

ಅಡ್ಮಿನ್: ಎಂಎಂಎ, ಅಂದರೆ ಹೊಡೆತ ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿಯಲು ಹೊರಟವರಿಗೆ ಇವತ್ತು ನಮ್ಮ ಗ್ರೂಪಿನ ಸ್ಪೋರ್ಟ್ಸ್ ಡಾಕ್ಟ್ರು ಉತ್ತರ ಕೊಡುತ್ತಾರೆ. ಅವರ ಕ್ಲಿನಿಕ್ ಮಂಗಳೂರಲ್ಲೇ. ಒಬ್ಬರಿಗೆ ಒಂದೇ ಪ್ರಶ್ನೆ.

ಕದ್ರಿಯವರು: ನನಗೆ 34 ವರ್ಷ. ಆಫೀಸಲ್ಲಿ ಕೂತೂ ಕೂತೂ ಹೊಟ್ಟೆ ಬಂದಿದೆ. ಈಗ ಶುರು ಮಾಡಬಹುದಾ? ಗ್ಲೌಸ್ ಯಾವುದು ತಗೊಳ್ಳಲಿ?

ಡಾಕ್ಟರ್: ಧಾರಾಳವಾಗಿ ಮಾಡಿ. ಬಿಪಿ, ಶುಗರ್ ಒಮ್ಮೆ ಚೆಕ್ ಮಾಡಿಸಿ. ವಾರಕ್ಕೆ ಎರಡು ಮೂರು ದಿನ ಸಾಕು. ಪಂಚಿಂಗ್ ಬ್ಯಾಗ್‌ಗೆ 12 ಔನ್ಸ್, ಸ್ಪಾರಿಂಗ್‌ಗೆ, ಅಂದರೆ ಜೊತೆಯವರೊಂದಿಗೆ ಅಭ್ಯಾಸದ ಕಾದಾಟಕ್ಕೆ, 16 ಔನ್ಸ್. ಟಿವಿಯಲ್ಲಿ ಕಾಣುವ 4 ಔನ್ಸಿನ ಗ್ಲೌಸ್ ಪಂದ್ಯಕ್ಕೆ. ಮೌತ್‌ಗಾರ್ಡ್ ಬೇಕೇ ಬೇಕು. ಮೊದಲು ಬೀಳುವುದು ಮತ್ತು ಟ್ಯಾಪ್ ಮಾಡುವುದು ಕಲಿಯಿರಿ. ಸಾಕು ಅಂತ ಎದುರಿನವರ ಮೈಗೆ ತಟ್ಟುವುದೇ ಟ್ಯಾಪ್. ನೋವು ಬರಲಿ, ಆಮೇಲೆ ತಟ್ಟೋಣ ಅಂತ ಕಾಯಬೇಡಿ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಲ್ಲಿ ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರುತ್ತದೆ.

ಮಣಿಪಾಲದ ವಿದ್ಯಾರ್ಥಿ: ಸರ್, ಗ್ಲೌಸ್ ಎಷ್ಟು ಔನ್ಸ್?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಉಡುಪಿಯ ಸದಸ್ಯೆ: ಇಲ್ಲಿ ಹುಡುಗಿಯರಿಗೆ ಬೇರೆ ಬ್ಯಾಚ್ ಎಲ್ಲಿ ಉಂಟು?

ಸುರತ್ಕಲ್‌ನ ಅಕ್ಕ: ಡಾಕ್ಟ್ರೇ, ನನ್ನ ತಮ್ಮನಿಗೆ 17. ನಾಲ್ಕು ದಿನದ ಹಿಂದೆ ಸ್ಪಾರಿಂಗ್‌ನಲ್ಲಿ ತಲೆಗೆ ಪೆಟ್ಟು ಬಿತ್ತು. ಅವತ್ತು ಒಮ್ಮೆ ವಾಂತಿ ಮಾಡಿದ. ನಿನ್ನೆ ಗಂಜಿ ಊಟ ಮಾಡುವಾಗ ಲೈಟ್ ಕಣ್ಣಿಗೆ ಚುಚ್ಚುತ್ತದೆ ಅಂತ ಆಫ್ ಮಾಡಿಸಿದ. ಇವತ್ತು ಚಪ್ಪಲಿ ಹಾಕುವಾಗ ಗೋಡೆ ಹಿಡಿದುಕೊಂಡ. ಭಾನುವಾರ ಮತ್ತೆ ಸ್ಪಾರಿಂಗ್ ಉಂಟಂತೆ. ಹೆಡ್‌ಗಾರ್ಡ್ ಹಾಕಿ ಆಡಿಸಿದರೆ ಏನೂ ಆಗಲ್ಲ ಅಂತಾರೆ.

ಡಾಕ್ಟರ್: ಭಾನುವಾರ ಬೇಡ. ಇದನ್ನು ಓದಿದ ಕೂಡಲೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವು ಹೇಳಿದ್ದೆಲ್ಲ ಮಿದುಳಿಗೆ ಪೆಟ್ಟಾದ ಲಕ್ಷಣ. ನಾಲ್ಕು ದಿನ ಆದರೂ ಕಡಿಮೆ ಆಗಿಲ್ಲ ಅನ್ನುವುದೇ ನನಗೆ ಚಿಂತೆ. ಹೆಡ್‌ಗಾರ್ಡ್ ಚರ್ಮ ಒಡೆಯುವುದನ್ನು ತಪ್ಪಿಸುತ್ತದೆ. ಬುರುಡೆಯ ಒಳಗೆ ಮಿದುಳು ಅಲುಗುವುದನ್ನು ಅದು ತಡೆಯುವುದಿಲ್ಲ. ಮೊದಲ ಪೆಟ್ಟು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಬಾತುಕೊಂಡು ಜೀವಕ್ಕೇ ಅಪಾಯ ಆಗಬಹುದು. ಅಪರೂಪ ಹೌದು, ಆದರೆ ಕಂಡಿರುವುದು ಹೆಚ್ಚಾಗಿ ಇವನ ವಯಸ್ಸಿನವರಲ್ಲೇ. ತಲೆನೋವು ಏರುತ್ತಾ ಹೋದರೆ, ಮತ್ತೆ ವಾಂತಿ ಆದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಬೈಕ್ ಕೊಡಬೇಡಿ. ಲಕ್ಷಣ ಹೋದ ಮೇಲೂ ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಒಬ್ಬನೇ ಡ್ರಿಲ್, ಒಂದೊಂದಕ್ಕೆ ಕಡಿಮೆ ಅಂದ್ರೂ ಒಂದು ದಿನ. ಡಾಕ್ಟರ್ ನೋಡಿ ಒಪ್ಪದೆ ಮೈಮುಟ್ಟುವ ಅಭ್ಯಾಸ ಯಾವುದೂ ಬೇಡ.

ಬಿಜೈಯವರು: ಸುಮ್ನೆ ಹೆದರಿಸಬೇಡಿ. ತಲೆಗೆ ಪೆಟ್ಟಾದರೆ ಬೆಣ್ಣೆ ಹಚ್ಚಿ, ರಾತ್ರಿ ಮಲಗಲು ಬಿಡಬೇಡಿ ಅಂತ ಬಂದ ಮೆಸೇಜ್ ಹಾಕಿದ್ದೇನೆ, ಎಲ್ಲರೂ ಓದಿ.

ಡಾಕ್ಟರ್: ದಯವಿಟ್ಟು ಅದನ್ನು ಡಿಲೀಟ್ ಮಾಡಿ. ಪೆಟ್ಟಾಗಿರುವುದು ಒಳಗೆ, ಬೆಣ್ಣೆ ಇರುವುದು ಹೊರಗೆ. ಆಸ್ಪತ್ರೆಯಲ್ಲಿ ನೋಡಿಸಿದ ಮೇಲೆ ನಿದ್ದೆ ಮಾಡಿದರೆ ಒಳ್ಳೆಯದೇ.

ಕುಂಜತ್ತಬೈಲಿನವರು: ಡಾಕ್ಟ್ರೇ, ಮ್ಯಾಟ್‌ನಿಂದ ಕುತ್ತಿಗೆಗೆ ಹುಳುಕಡ್ಡಿ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದೆ, ಈಗ ಜಾಸ್ತಿ ಹರಡಿದೆ. ಬೆಳ್ಳುಳ್ಳಿ ಅರೆದು ಹಚ್ಚಲಾ?

ಡಾಕ್ಟರ್: ಬೆಳ್ಳುಳ್ಳಿ ಬೇಡ, ಚರ್ಮ ಸುಡುತ್ತದೆ. ಕ್ರೀಮ್‌ನ ಟ್ಯೂಬ್ ಮೇಲೆ ಏನು ಬರೆದಿದೆ ನೋಡಿ, ಸ್ಟೀರಾಯ್ಡ್ ಸೇರಿದ್ದರೆ ಹುಳುಕಡ್ಡಿ ಇನ್ನೂ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ. ಗುಣ ಆಗುವವರೆಗೆ ಮ್ಯಾಟ್‌ಗೆ ಬರಬೇಡಿ. ಉಳಿದವರಿಗೂ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಗೊತ್ತು. ಆದರೂ ಒದ್ದೆ ಟೀ ಶರ್ಟ್ ಹಾಕಿಕೊಂಡು ಬರಬೇಡಿ. ಕ್ಲಾಸ್ ಮುಗಿದ ಕೂಡಲೇ ಸ್ನಾನ ಮಾಡಿ, ಟವೆಲ್ ಹಂಚಿಕೊಳ್ಳಬೇಡಿ.

ಬಿಜೈಯವರು: ಈ ಎಂಎಂಎ ಯಾಕೆ ಬೇಕು ಮಾರಾಯ್ರೆ? ಕರಾಟೆ ಕಲಿತರೆ ಸಾಲದಾ?

ಪಣಂಬೂರಿನವರು: ಕರಾಟೆಯವರನ್ನು ಕುಸ್ತಿ ಬಲ್ಲವರು ನೆಲಕ್ಕೆ ಹಾಕಿದರೆ ಕಥೆ ಮುಗೀತು. 1993ರಲ್ಲಿ ಅಮೆರಿಕದ ಎಂಎಂಎ ಪಂದ್ಯಾವಳಿ ಯುಎಫ್‌ಸಿ ಮೊದಲ ಸಲ ನಡೆದಾಗಲೇ ಗೊತ್ತಾಯ್ತಲ್ವಾ, ಜುಜಿತ್ಸುವಿನ ರಾಯ್ಸ್ ಗ್ರೇಸಿ ಎದುರಾದವರನ್ನೆಲ್ಲ ನೆಲದ ಮೇಲೆ ಗೆದ್ದ.

ಬಿಜೈಯವರು: ಲಿಯೋಟೊ ಮಚಿಡಾ ಕರಾಟೆಯವನೇ. 2009ರಲ್ಲಿ ಯುಎಫ್‌ಸಿ ಚಾಂಪಿಯನ್ ಆದ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿ ಕೂತ್ಕೊಳ್ಳಿ.

ಪಣಂಬೂರಿನವರು: ಬೆಣ್ಣೆ ಹಚ್ಚುವವರ ಹತ್ತಿರ ನಾನು ಕಲಿಯಬೇಕಾಗಿಲ್ಲ. ಮಚಿಡಾನಿಗೆ ನೆಲದ ಮೇಲೆ ಹಿಡಿದು ಆಡುವ ಜುಜಿತ್ಸುವಿನಲ್ಲೂ ಬ್ಲ್ಯಾಕ್ ಬೆಲ್ಟ್ ಇತ್ತು.

ಮಣಿಪಾಲದ ವಿದ್ಯಾರ್ಥಿ: ಸರ್, ಪಂದ್ಯದ ತೂಕಕ್ಕೆ ಬರಲು ಎರಡು ದಿನದಲ್ಲಿ ಐದು ಕೆಜಿ ಇಳಿಸಬೇಕು. ನೀರು ಬಿಟ್ಟು, ಪ್ಲಾಸ್ಟಿಕ್ ಸುತ್ತಿಕೊಂಡು ಓಡಿದರೆ ಆಗ್ತದಾ?

ಡಾಕ್ಟರ್: ಮಾಡಬೇಡ. ಕಿಡ್ನಿಗೆ ಪೆಟ್ಟು, ಈ ಸೆಕೆಗೆ ಹೀಟ್ ಸ್ಟ್ರೋಕ್ ಬೇರೆ. ಮೇಲಿನ ತೂಕದ ವಿಭಾಗದಲ್ಲಿ ಆಡು.

ಅಡ್ಮಿನ್: ಕರಾಟೆ ಜಗಳ ನಿಲ್ಲಿಸಿ. ಇಬ್ಬರಿಗೂ ಇದು ಕೊನೆಯ ಸಲ ಹೇಳುತ್ತಿದ್ದೇನೆ.

ಕದ್ರಿಯವರು: ಡಾಕ್ಟ್ರೇ, ಮಂಡಿ ನೋವಿಗೆ ಯಾವ ಎಣ್ಣೆ ಒಳ್ಳೆಯದು?

ಡಾಕ್ಟರ್: ಒಬ್ಬರಿಗೆ ಒಂದೇ ಪ್ರಶ್ನೆ. ಸುರತ್ಕಲ್‌ನ ಅಕ್ಕ ಎಲ್ಲಿದ್ದಾರೆ? ಹೋದರಾ?

ಸುರತ್ಕಲ್‌ನ ಅಕ್ಕ: ಆಸ್ಪತ್ರೆಯಲ್ಲೇ ಇದ್ದೇವೆ ಡಾಕ್ಟ್ರೇ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಅಂದರು. ಮನೆಗೆ ಕಳಿಸುತ್ತಾರಂತೆ. ಭಾನುವಾರ ಸುಮ್ನೆ ನೋಡಲಾದರೂ ಹೋಗ್ತೇನೆ ಅಂತ ಹಟ ಮಾಡ್ತಿದ್ದಾನೆ.

ಡಾಕ್ಟರ್: ನೋಡಲೂ ಬೇಡ. ಅಲ್ಲಿ ಹೋದರೆ ಗ್ಲೌಸ್ ಹಾಕುತ್ತಾನೆ. ಇವತ್ತು ರಾತ್ರಿ ಒಬ್ಬನನ್ನೇ ಬಿಡಬೇಡಿ, ಯಾರಾದರೂ ಅದೇ ಕೋಣೆಯಲ್ಲಿ ಮಲಗಿ. ಬೆಳಿಗ್ಗೆ ನನಗೆ ಮೆಸೇಜ್ ಮಾಡಿ.