ಮೇಕಪ್ ಬ್ರಷ್ಷಿನ ತಗಡಿನ ಬಳೆಗೆ ‘ಅಣಸು’ ಅನ್ನಬಹುದೇ? ಹಾಗೇ ‘ಬ್ಲೆಂಡ್’ಗೆ ಏನು?

ಎಲ್ಲರಿಗೂ ನಮಸ್ಕಾರ.

ಮೊದಲು ಪ್ರಶ್ನೆ ಕೇಳಿಬಿಡುತ್ತೇನೆ. ಮೇಕಪ್ ಬ್ರಷ್ಷಿನಲ್ಲಿ ಕೈಗೆ ಸಿಗುವ ಕಡ್ಡಿ ಇದೆ, ಮುಖಕ್ಕೆ ತಾಗುವ ಕೂದಲಿದೆ, ಇವೆರಡನ್ನೂ ಬಿಗಿಯಾಗಿ ಹಿಡಿದಿಟ್ಟಿರುವ ಹೊಳೆಯುವ ತಗಡಿನ ಬಳೆ ಇದೆ. ಇಂಗ್ಲಿಷಿನವರು ಆ ಬಳೆಗೆ ಫೆರೂಲ್ ಅನ್ನುತ್ತಾರೆ. ನಾವು ಏನನ್ನಬೇಕು?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಹೆಂಗಸರ ಗುಂಪಿಗೆ ಅಗ್ಗದ ಬ್ರಷ್ಷುಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ, ಅದಕ್ಕೆ ಬೇಕು. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್, ಅದರ ಹತ್ತಿರದ ಮುಸಾಫಿರ್‌ಖಾನಾ ಕಡೆ ಹೋದವರಿಗೆ ಗೊತ್ತು, ಬ್ರಷ್ಷಿನ ಇಡೀ ಸೆಟ್ಟೇ ಕೈಗೆಟುಕುವ ರೇಟಿಗೆ ಸಿಗುತ್ತದೆ. ಅಗ್ಗದ್ದೆಲ್ಲ ಕೆಟ್ಟದ್ದೇನೂ ಅಲ್ಲ. ಆದರೆ ಕೆಡುವುದಾದರೆ ಮೊದಲು ಕೆಡುವುದು ಈ ಬಳೆಯ ಹತ್ತಿರವೇ. ಕೂದಲಿನ ಬುಡಕ್ಕೆ ಅಂಟು ಹಾಕಿ ಬಳೆಯೊಳಗೆ ಕೂರಿಸಿ, ಬಳೆಯನ್ನು ಕಡ್ಡಿಗೆ ಒತ್ತಿ ಬಿಗಿದಿರುತ್ತಾರೆ. ತೊಳೆಯುವಾಗ ನೀರು ಒಳಗಿಳಿದರೆ ಅಂಟು ಸಡಿಲವಾಗುತ್ತದೆ, ಮರದ ಕಡ್ಡಿ ಉಬ್ಬುತ್ತದೆ, ಆಮೇಲೆ ಬಳೆ ಗಿರಗಿರ ತಿರುಗುತ್ತದೆ. ಅಂಗಡಿಯಲ್ಲೇ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯ ಎರಡು ಬೆರಳಲ್ಲಿ ಬಳೆ ಹಿಡಿದು ಮೆಲ್ಲಗೆ ತಿರುವಿ ನೋಡಿ. ಅಲುಗಿದರೆ ಬೇಡ. ಕೂದಲನ್ನು ಅಂಗೈಗೆ ಒತ್ತಿ ಹರಡಿದಾಗ ನಡುವೆ ಅಂಟು ಕಂಡರೂ ಬೇಡ. ಮೊದಲ ಸಲ ತೊಳೆದಾಗ ಒಂದೆರಡು ಕೂದಲು ಉದುರುತ್ತವೆ, ಅದು ಬಿಡಿ, ಆದರೆ ಪ್ರತಿ ಸಲ ಕೆನ್ನೆ ಮೇಲೆ ಕೂದಲು ಹುಡುಕಿ ತೆಗೆಯುವ ಹಾಗಿದ್ದರೆ ಆ ಬ್ರಷ್ಷು ಯಾವ ಬೆಲೆಗೂ ಅಗ್ಗ ಅಲ್ಲ. ಮುಂಬಯಿ ಮಳೆಗಾಲದಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಬ್ರಷ್ಷು! ಒದ್ದೆ ಬ್ರಷ್ಷನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಬಾರದು, ನೀರು ಇಳಿದು ಸೀದಾ ಬಳೆಗೇ ಹೋಗುತ್ತದೆ. ಅಡ್ಡ ಮಲಗಿಸಿ, ಕೂದಲಿನ ಕಡೆ ಮೇಜಿನ ಅಂಚಿನಿಂದ ಸ್ವಲ್ಪ ಹೊರಗೆ ಚಾಚಿರಲಿ, ಮೇಲೆ ಫ್ಯಾನ್ ತಿರುಗುತ್ತಿರಲಿ.

ನೋಡಿದಿರಲ್ಲ, ಬಳೆ ಬಳೆ ಬಳೆ. ‘ತೊಳೆಯುವಾಗ ಬಳೆ ಒದ್ದೆ ಮಾಡಬೇಡಿ’ ಅಂತ ಬರೆದದ್ದನ್ನು ಓದಿ ನನ್ನ ನಾದಿನಿ, ಅಲ್ಲ ಅತ್ತಿಗೆ, ಕೈಬಳೆ ಬಿಚ್ಚಿಟ್ಟು ತೊಳೀಬೇಕಾ ಅಂದಳು. ಆವಾಗ ನೆನಪಾಗಿದ್ದು ಒನಕೆ. ಒನಕೆಯ ತುದಿಗೆ ಮರ ಸೀಳಬಾರದು ಅಂತ ಕಬ್ಬಿಣದ ಬಳೆ ಹೊಡೆದಿರುತ್ತಾರಲ್ಲ, ಅದು ಅಣಸು. ಊರುಗೋಲಿನ ತುದಿಗೆ ಹಾಕಿದರೂ ಅಣಸೇ. ಮರದ ತುದಿಯನ್ನು ಬಿಗಿಯಾಗಿ ಅಪ್ಪಿಕೊಂಡಿರುವ ಲೋಹ, ಇಲ್ಲೂ ಅದೇ ಕೆಲಸ. ಹೊಸ ಪದ ಹುಟ್ಟಿಸುವ ತಾಪತ್ರಯವೇ ಇಲ್ಲ. ಆದರೆ ಒನಕೆಯನ್ನೇ ಕಾಣದ ಹುಡುಗಿಯರಿಗೆ ಅಣಸು ಅಂದರೆ ಅಣಬೆಯ ಅಣ್ಣನ ಹಾಗೆ ಕೇಳಿಸಬಹುದೇನೋ. ನನ್ನ ಮನಸ್ಸು ಅಣಸಿನ ಕಡೆಗೇ ಇದೆ, ನಿಮ್ಮ ಅಭಿಪ್ರಾಯ ಬೇಕು.

ಕೂದಲಿನದು ಇನ್ನೊಂದು ತಕರಾರು. ಆಡಿನ ಕೂದಲಿನ ಬ್ರಷ್ಷಿಗೆ ಕೂದಲು ಅನ್ನುವುದು ಸರಿ, ನೈಲಾನಿನದಕ್ಕೂ ಕೂದಲೇ? ಎರಡರ ಗುಣವೇ ಬೇರೆ. ಪ್ರಾಣಿಯ ಕೂದಲಿನ ಮೈ ಒರಟಾದ್ದರಿಂದ ಪುಡಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ನೈಲಾನ್ ಎಳೆ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಕ್ರೀಮು, ಫೌಂಡೇಶನ್ನಿಗೆ ಅದೇ ಲಾಯಕ್ಕು, ತೊಳೆಯುವುದೂ ಸುಲಭ. ಅಂಗಡಿಯವನು ಅಸಲಿ ಆಡಿನದು ಅಂತ ಆಣೆ ಹಾಕಿದರೆ ಮನೆಗೆ ಬಂದು ಉದುರಿದ ಒಂದೇ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲಾದರೆ ಸುಟ್ಟ ಕೂದಲಿನ ನಾತ ಬಂದು ಪುಡಿಯಾಗುತ್ತದೆ. ನೈಲಾನಾದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಎರಡಕ್ಕೂ ಸೇರಿಸಿ ‘ಎಳೆ’ ಅಂತ ಬರೆದಿದ್ದೇನೆ. ಹಳಗನ್ನಡದ ‘ನವಿರ್’ ಅಂದರೆ ಕೂದಲೇ, ನವಿರೇಳುವುದು ಅನ್ನುವಲ್ಲಿ ಇನ್ನೂ ಉಳಿದಿದೆ, ಈಗಿನ ‘ನವಿರು’ ಮೆತ್ತಗಿನದಕ್ಕೂ ಆಗುತ್ತದೆ. ಆಸೆಯೇನೋ ಆಗುತ್ತದೆ, ಆದರೆ ಬ್ರಷ್ಷಿನ ನವಿರು ಅಂದರೆ ಯಾರೂ ಕೂದಲು ಅಂತ ತಿಳಿಯುವುದಿಲ್ಲ, ಅಲ್ವಾ? ಬಿಟ್ಟೆ.

ಸ್ವಾಚ್ ಬಗ್ಗೆ ನನಗೆ ಅನುಮಾನವೇ ಇಲ್ಲ. ಲಿಪ್‌ಸ್ಟಿಕ್ಕನ್ನೋ ಐಶ್ಯಾಡೋವನ್ನೋ ಮಣಿಕಟ್ಟಿನ ಒಳಬದಿಗೆ ಗೆರೆ ಎಳೆದು ಬಣ್ಣ ನೋಡುವುದಕ್ಕೆ ‘ಒರೆ ಹಚ್ಚಿ ನೋಡು’ ಅಂತಲೇ ಬರೆದಿದ್ದೇನೆ. ಕ್ರಾಫರ್ಡ್ ಮಾರ್ಕೆಟ್ಟಿನಿಂದ ನಡೆದು ಹೋಗುವಷ್ಟು ದೂರದ ಝವೇರಿ ಬಜಾರಿನಲ್ಲಿ ಅಕ್ಕಸಾಲಿಗರು ಕಪ್ಪು ಕಲ್ಲಿನ ಮೇಲೆ ಚಿನ್ನ ತಿಕ್ಕಿ ಗೆರೆಯ ಬಣ್ಣ ನೋಡುವುದೂ ಇದೇ ತರಹ. ಒಂದು ಮಾತು: ಅಂಗಡಿಯ ಟೆಸ್ಟರನ್ನು ಕೈಗೆ ಮಾತ್ರ ಒರೆ ಹಚ್ಚಿ, ತುಟಿಗೆ ಬೇಡ, ಎಷ್ಟು ಜನರ ತುಟಿ ಮುಟ್ಟಿ ಬಂದಿದೆಯೋ. ಪ್ಯಾಚ್ ಟೆಸ್ಟ್ ಇದಕ್ಕಿಂತ ಬೇರೆ, ಅದು ಬಣ್ಣ ನೋಡುವುದಕ್ಕಲ್ಲ, ಚರ್ಮಕ್ಕೆ ಒಗ್ಗುತ್ತದಾ ಅಂತ ನೋಡುವುದಕ್ಕೆ. ಹೊಸದು ಏನೇ ತಂದರೂ ಮೊಣಕೈ ಒಳಬದಿಗೆ ಚೂರು ಹಚ್ಚಿ 24 ರಿಂದ 48 ಗಂಟೆ ಕಾಯಬೇಕು, ಕೆಲವರಿಗೆ ತುರಿಕೆ ತಡವಾಗಿ ಏಳುತ್ತದೆ. ಇದಕ್ಕೆ ‘ಒಗ್ಗುನೋಟ’ ಅಂತ ಒಬ್ಬರು ಸೂಚಿಸಿದರು. ನನಗೆ ಸುಮ್ನೆ ‘ಹಚ್ಚಿ ಕಾದು ನೋಡುವುದು’ ಅಂದರೇ ಸಾಕು ಅನ್ನಿಸುತ್ತದೆ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಬ್ಲೆಂಡ್ ಹತ್ತಿರ. ಮುಖದ ಕೆಲಸಕ್ಕೆ ಕನ್ನಡದಲ್ಲಿ ಕ್ರಿಯಾಪದಕ್ಕೇನು ಬರ? ಕುಂಕುಮ ಇಡುತ್ತೇವೆ, ಕಾಡಿಗೆ ತೀಡುತ್ತೇವೆ, ಅರಿಶಿನ ಹಚ್ಚುತ್ತೇವೆ, ಪೌಡರ್ ಹಾಕುತ್ತೇವೆ, ಜಾಸ್ತಿಯಾದರೆ ‘ಏನು ಮೆತ್ತಿಕೊಂಡಿದ್ದಾಳಪ್ಪಾ’ ಅಂತ ಆಡಿಕೊಳ್ಳುತ್ತೇವೆ. ಬಣ್ಣ ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಮಾಡುವುದಕ್ಕೆ ಮಾತ್ರ ಒಂದೇ ಮಾತು ಸಿಗುತ್ತಿಲ್ಲ. ‘ಬೆರೆಸು’ ಅಂದರೆ ಎರಡು ಬಣ್ಣ ಕಲಸಿದ ಹಾಗಾಗುತ್ತದೆ. ‘ಹರಡು’ ಅಂದರೆ ಹರಡಿದ ಮೇಲೂ ಅಂಚು ಹಾಗೇ ಇರಬಹುದು. ಸದ್ಯಕ್ಕೆ ‘ಅಂಚು ಕರಗಿಸು’ ಅಂತ ಹಾಕಿದ್ದೇನೆ, ಎರಡು ಪದವಾಯಿತು.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಕೂತು ಗೊತ್ತಿರುವವರು ಇಲ್ಲಿ ಇದ್ದೀರಿ, ಮುಂಬಯಿಯಲ್ಲೂ ವೇಷ ಕಟ್ಟುವವರಿಗೇನು ಕಡಿಮೆಯಿಲ್ಲ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದುಕೊಂಡವರು ನೀವು. ರಾಕ್ಷಸರ ಬಣ್ಣದ ವೇಷದಲ್ಲಿ ಗೆರೆ ದೂರಕ್ಕೂ ಎದ್ದು ಕಾಣಬೇಕು, ಸರಿ. ಸ್ತ್ರೀವೇಷಕ್ಕೆ ಕೆನ್ನೆಯ ಕೆಂಪು ಅಂಚಿಲ್ಲದೆ ಸುತ್ತಲಿನ ಬಣ್ಣದೊಳಗೆ ಹೋಗಬೇಕಲ್ಲ, ಆ ಕೆಲಸಕ್ಕೆ ಚೌಕಿಯಲ್ಲಿ ಏನು ಹೇಳುತ್ತಾರೆ? ಬಾಯಲ್ಲಿ ಬರುವ ಮಾತು ಹೇಗಿದೆಯೋ ಹಾಗೇ ಬರೆಯಿರಿ, ತುಳು ಆದರೂ ಪರವಾಗಿಲ್ಲ.

ಅಣಸಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಯಾವ ಸೀಮೆಯದು ಅಂತಲೂ ಸೇರಿಸಿ. ‘ಲೋಹವಲಯ’, ‘ಕೇಶಬಂಧನಿ’ ತರಹದ್ದನ್ನು ಮಾತ್ರ ದಯವಿಟ್ಟು ಕಳಿಸಬೇಡಿ.