ಪದಚರ್ಚೆ: ‘ಟಾರ್ಗೆಟ್ ಪಾಪ್ಯುಲೇಶನ್’ಗೆ ‘ಗುರಿ’ ಬೇಡ

> ಫ್ರೀಓರಿಯನ್ ಎಂಬ, ಗ್ರಹಗಳಲ್ಲಿ ವಸಾಹತು ಹೂಡಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟದ ಕನ್ನಡ ಪದಪಟ್ಟಿ ಮಾಡುತ್ತಿದ್ದೇವೆ. ‘ಟಾರ್ಗೆಟ್ ಪಾಪ್ಯುಲೇಶನ್’, ‘ಅಪ್‌ಕೀಪ್’, ‘ಸ್ಟಾಕ್‌ಪೈಲ್’ ಮೂರಕ್ಕೂ ಇವತ್ತು ರಾತ್ರಿಯೊಳಗೆ ಪದ ಬೇಕು.

ಬಾಗಲಕೋಟೆಯ ತಮ್ಮಂದಿರೇ, ‘ಗುರಿ ಜನಸಂಖ್ಯೆ’ ಅಂತ ಮಾತ್ರ ಹಾಕಬೇಡಿ. ಇಲ್ಲಿ ಕೆಲವರು ಅದೇ ಸರಿ ಎಂದಿದ್ದಾರೆ. ಅವರು ಆಟ ಆಡಿದಂತಿಲ್ಲ. ಗುರಿ ಇಟ್ಟುಕೊಳ್ಳುವವರು ನಾವು. ಗ್ರಹದಲ್ಲಿ ಜನ ಕೊನೆಗೆ ಎಷ್ಟಕ್ಕೆ ಬಂದು ನಿಲ್ಲುತ್ತಾರೆ ಎಂಬ ಈ ಸಂಖ್ಯೆಯನ್ನು ಇಡುವುದು ಗ್ರಹ. ಆ ಜೀವಿಗೆ ಆ ನೆಲ ಎಷ್ಟು ಒಗ್ಗುತ್ತದೆ, ಗ್ರಹ ಎಷ್ಟು ದೊಡ್ಡದು, ಯಾವ ತಂತ್ರಜ್ಞಾನ ಕೈಗೆ ಬಂದಿದೆ, ಇದರ ಮೇಲೆ ಅದು ನಿಲ್ಲುತ್ತದೆ. ಸಂಖ್ಯೆ ಸೊನ್ನೆಗಿಂತ ಕೆಳಗಿದ್ದರೆ ಜನ ಕರಗಿ ವಸಾಹತೇ ಅಳಿಯುತ್ತದೆ. ಸೊನ್ನೆಗಿಂತ ಕೆಳಗೆ ಯಾರಾದರೂ ಗುರಿ ಇಡುತ್ತಾರಾ?

‘ಮಿತಿ’ಯೂ ಆಗದು. ಜನ ಆ ಸಂಖ್ಯೆ ದಾಟಿರಬಹುದು, ಆಮೇಲೆ ಮೆಲ್ಲಗೆ ಇಳಿಯುತ್ತಾರೆ.

‘ಅಳವು’ ಅನ್ನಿ. ಅಳೆ, ಅಳತೆ, ಅಳವು ಎಲ್ಲದರ ಬುಡ ಒಂದೇ. ಹಳಗನ್ನಡದಲ್ಲಿ ಅಳವು ಅಂದರೆ ಅಳತೆಯೂ ಹೌದು, ಶಕ್ತಿಯೂ ಹೌದು. ಇಲ್ಲಿ ಬೇಕಾದದ್ದು ಆ ಎರಡೂ. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ಫೆರ್ಹುಲ್ಸ್ಟ್ ಜನಸಂಖ್ಯೆಯ ಬೆಳವಣಿಗೆಗೆ ತೋರಿಸಿದ ಲೆಕ್ಕವೂ ಇದೇ: ಜನ ಕಡಿಮೆ ಇದ್ದಾಗ ನಿಧಾನ, ಅರ್ಧ ತುಂಬಿದಾಗ ಜೋರು, ಅಳವು ಹತ್ತಿರವಾದಂತೆ ಮತ್ತೆ ನಿಧಾನ. 2021ರಲ್ಲಿ ಇಂಥದ್ದೇ ಇನ್ನೊಂದು ಬಾಹ್ಯಾಕಾಶ ಆಟ ಸ್ಟೆಲ್ಲಾರಿಸ್‌ಗೂ ಗ್ರಹಕ್ಕೊಂದು ಇಂಥ ಅಳವು ಬಂತು. ಇದಕ್ಕೆ ಪಠ್ಯಪುಸ್ತಕದಲ್ಲಿರುವ ‘ಧಾರಣಾ ಸಾಮರ್ಥ್ಯ’ ಎಂಬ ಪದ ಪರದೆಯ ಪುಟ್ಟ ಚೌಕದಲ್ಲಿ ಹಿಡಿಸುವುದೇ ಇಲ್ಲ.

‘ಅಪ್‌ಕೀಪ್’ಗೆ ‘ಸಾಕುವ ಖರ್ಚು’. ಪ್ರತಿ ಹೊಸ ವಸಾಹತೂ ನಿಮ್ಮ ‘ಪ್ರಭಾವ’ದ (ಆಟದಲ್ಲಿ ಗಳಿಸಿ ಖರ್ಚು ಮಾಡುವ ‘ಇನ್‌ಫ್ಲುಯೆನ್ಸ್’) ಗಳಿಕೆಯಲ್ಲಿ ಒಂದಿಷ್ಟು ತಿನ್ನುತ್ತದೆ. ಸುಮ್ನೆ ಹರಡುತ್ತಾ ಹೋದರೆ ಸಾಕಲು ಆಗುವುದಿಲ್ಲ.

ಬೆಳಗಾವಿಯ ಹಿರಿಯರು ‘ಖರ್ಚು ಕನ್ನಡವಲ್ಲ, ವೆಚ್ಚ ಬಳಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸರ್, ವೆಚ್ಚ ಸಂಸ್ಕೃತದ ‘ವ್ಯಯ’ದ ತದ್ಭವ. ಅದೂ ಹೊರಗಿನದೇ ಅಲ್ವಾ? ವಿಜಯಪುರದಲ್ಲಿ ಕೂತು ನಾನು ಖರ್ಚು, ಜಮಾ, ಬಾಕಿ, ವಸೂಲಿಗಳನ್ನು ಪರಕೀಯ ಅನ್ನಲಾರೆ. ಪಾರಸಿ ಆಡಳಿತದ ಜೊತೆ ಬಂದವು, ನಿಜ. ಇವತ್ತು ನಮ್ಮ ರೈತರು ಲೆಕ್ಕ ಹೇಳುವುದು ಇದೇ ಪದಗಳಲ್ಲಿ. ಸಂಸ್ಕೃತದ ಸಾಲ ಸಾಲವಲ್ಲ, ಪಾರಸಿಯದು ಮಾತ್ರ ಸಾಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಇನ್ನು ‘ಸ್ಟಾಕ್‌ಪೈಲ್’. ‘ಸಂಗ್ರಹ’ ಸಪ್ಪೆ. ‘ಹಗೇವು’ ಹಾಕಿ. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವಿನಿಂದ ದಿನಾ ಬೇಕಾದಷ್ಟು ತೋಡಿಕೊಳ್ಳುವಂತಿರಲಿಲ್ಲ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋದ ಮೇಲೆಯೇ ಇಳಿಯಬೇಕು. ಆಟದಲ್ಲೂ ಹಾಗೇ. ಮಿಕ್ಕ ಉತ್ಪಾದನೆ ಒಳಗೆ ಬೀಳುತ್ತದೆ, ಆದರೆ ಒಂದು ಸರದಿಗೆ ಇಷ್ಟೇ ತೆಗೆಯಬಹುದು ಎಂಬ ಕಟ್ಟು ಇದೆ. ‘ಹಗೆ ಅಂದರೆ ಶತ್ರು, ಆಟಗಾರರಿಗೆ ಗೊಂದಲವಾಗುತ್ತದೆ’ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಹಗೆಗೆ ಕಾಳಿನ ಗುಂಡಿ ಎಂಬ ಅರ್ಥವೂ ಇದೆ. ‘ಹಗೇವು’ ಅಂದಾಗ ಈ ಸೀಮೆಯಲ್ಲಿ ಯಾರಿಗೂ ಶತ್ರು ನೆನಪಾಗುವುದಿಲ್ಲ.

ಆಟದ ಇನ್ನೊಂದು ಪದ ‘ಸಪ್ಲೈ ರೇಂಜ್’ ಬಗ್ಗೆ ನಾಳೆ ಬರೆಯುತ್ತೇನೆ. ಅಷ್ಟರೊಳಗೆ ‘ಪೂರೈಕೆ ವ್ಯಾಪ್ತಿ’ ಅಂತ ಯಾರೂ ಅಖೈರು ಮಾಡಬೇಡಿ.