ಅಜಥಯೋಪ್ರಿನ್ ಶುರುವಾಗಿ ಮೂರು ತಿಂಗಳು, ಗುಣ ಕಾಣುತ್ತಿಲ್ಲ. ನಿಲ್ಲಿಸಬಹುದಾ?

ಪ್ರಶ್ನೆ (ಬಸವನಗುಡಿಯಿಂದ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ, ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸುಸ್ತಾಗುವ ಕಾಯಿಲೆ) ಇದೆ. ಹೋದ ವರ್ಷ ಉಸಿರಾಟ ಕಷ್ಟವಾಗಿ ಐಸಿಯುನಲ್ಲಿದ್ದರು. ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಿಸಿದ ಮೇಲೆ ಚೇತರಿಸಿಕೊಂಡರು. ಈಗ ಪೈರಿಡೋಸ್ಟಿಗ್ಮಿನ್, ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್) ಜೊತೆ ಅಜಥಯೋಪ್ರಿನ್ ಕೊಟ್ಟು ಮೂರು ತಿಂಗಳಾಯ್ತು. ವ್ಯತ್ಯಾಸವೇ ಇಲ್ಲ. ಮಳೆಗಾಲ ಬೇರೆ, ರೋಗ ತಡೆಯುವ ಶಕ್ತಿ ಕುಗ್ಗಿಸುವ ಮಾತ್ರೆ ಯಾಕೆ ಅಂತ ಅತ್ತೆ ಗಲಾಟೆ. ನಿಲ್ಲಿಸಿಬಿಡಲಾ?

ಉತ್ತರ (ನರರೋಗ ತಜ್ಞರು): ಬೇಡಮ್ಮ. ಇದು ನಿಧಾನದ ಮಾತ್ರೆ. ಕೆಲಸ ಕಾಣಲು ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿವರೆಗೆ ಪ್ರೆಡ್ನಿಸೊಲೋನ್ ಕಾಪಾಡುತ್ತಿರುತ್ತದೆ. ಅದನ್ನೇ ವರ್ಷಗಟ್ಟಲೆ ಜಾಸ್ತಿ ಡೋಸಿನಲ್ಲಿ ಕೊಟ್ಟರೆ ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಆ ಡೋಸ್ ಇಳಿಸುವುದಕ್ಕೇ ಅಜಥಯೋಪ್ರಿನ್. ಪೈರಿಡೋಸ್ಟಿಗ್ಮಿನ್ ಕೆಲವು ಗಂಟೆ ಬಲ ಕೊಡುತ್ತದೆ ಅಷ್ಟೆ, ರೋಗದ ಬೇರು ಮುಟ್ಟುವುದಿಲ್ಲ.

ಅತ್ತೆಯವರ ಭಯ ಸುಮ್ನೆ ಅಲ್ಲ. ಆದರೆ ಈ ಕಾಯಿಲೆಯಲ್ಲಿ ನರ ಸ್ನಾಯುವಿಗೆ ಸೇರುವ ಜಾಗಕ್ಕೆ ಏಟು ಕೊಡುತ್ತಿರುವುದೇ ಆ ರೋಗ ತಡೆಯುವ ಶಕ್ತಿ. ಅದನ್ನು ಬಗ್ಗಿಸದೆ ಬೇರೆ ದಾರಿ ಇಲ್ಲ, ಅಲ್ವಾ?

ಬಿಳಿ ರಕ್ತಕಣ, ಲಿವರ್ ಪರೀಕ್ಷೆ ತಪ್ಪಿಸಬೇಡಿ. ಎನ್‌ಯುಡಿಟಿ15 ಎಂಬ, ಈ ಮಾತ್ರೆಯ ಪ್ರಭಾವ ತಗ್ಗಿಸುವ ಜೀನ್‌ನಲ್ಲಿ ವ್ಯತ್ಯಾಸ ಇರುವವರಿಗೆ ಕಣಗಳು ಬೇಗ ಕುಸಿಯುತ್ತವೆ. ನಮ್ಮ ಜನರಲ್ಲಿ ಅದು ಅಪರೂಪವಲ್ಲ. ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಪ್ರೋಫ್ಲಾಕ್ಸಾಸಿನ್, ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ತರಬೇಡಿ. ಎರಡೂ ಸ್ನಾಯುವಿನ ಸುಸ್ತು ಹೆಚ್ಚಿಸಬಲ್ಲವು. ನನಗೆ ಮಳೆಗಿಂತ ಈ ಅಂಗಡಿ ಮಾತ್ರೆಗಳದ್ದೇ ಚಿಂತೆ. ಫ್ಲೂ ಇಂಜೆಕ್ಷನ್ ಕೊಡಿಸಬಹುದು. ಜೀವಂತ ವೈರಸ್ಸಿನ ಲಸಿಕೆ ಬೇಡ.

ಅದೇ ಮಗಳು: ಒಂದು ವರ್ಷ ಕಾದರೂ ಆಗದಿದ್ದರೆ?

ಉತ್ತರ: ರೋಗ ತಡೆಯುವ ಶಕ್ತಿ ಬಗ್ಗಿಸುವ ಬೇರೆ ಔಷಧಿಗಳಿವೆ: ಮೈಕೋಫೆನೊಲೇಟ್ ಇದೆ, ರಿಟುಕ್ಸಿಮ್ಯಾಬ್ ಇದೆ. ರಕ್ತದಲ್ಲಿ ಮಸ್ಕ್ ಆ್ಯಂಟಿಬಾಡಿ (ಈ ಕಾಯಿಲೆಯ ಒಂದು ಬಗೆಗೆ ಕಾರಣವಾಗುವ ಪ್ರತಿಕಾಯ) ಪಾಸಿಟಿವ್ ಆದವರಿಗೆ ರಿಟುಕ್ಸಿಮ್ಯಾಬ್ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಲೇಬೇಕು. ಅಮ್ಮನ ಆ್ಯಂಟಿಬಾಡಿ ರಿಪೋರ್ಟ್ ಯಾವುದು ಅಂತ ಫೈಲಿನಲ್ಲಿ ನೋಡಿ.

ಜಯನಗರದ ಇನ್ನೊಬ್ಬರು: ಸರ್, ನನಗೂ ಇದೇ ಕಾಯಿಲೆ, ಅಜಥಯೋಪ್ರಿನ್ ನುಂಗುತ್ತಿದ್ದೇನೆ. ಯೂರಿಕ್ ಆ್ಯಸಿಡ್ ಜಾಸ್ತಿ ಅಂತ ನಿನ್ನೆ ಬೇರೆ ಕ್ಲಿನಿಕ್‌ನಲ್ಲಿ ಅಲೋಪ್ಯೂರಿನಾಲ್ ಬರೆದರು.

ಉತ್ತರ: ಅಲೋಪ್ಯೂರಿನಾಲ್ ನುಂಗುವ ಮೊದಲು ನಿಮ್ಮ ನರರೋಗ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಎರಡೂ ಸೇರಿದರೆ ಅಜಥಯೋಪ್ರಿನ್ ಮೈಯಲ್ಲಿ ಕರಗದೆ ಉಳಿದು, ಬಿಳಿ ಕಣ ಜೀವಕ್ಕೆ ಅಪಾಯವಾಗುವಷ್ಟು ಇಳಿಯಬಹುದು. ಈಗಾಗಲೇ ನುಂಗಿದ್ದರೆ ಅದನ್ನೂ ಹೇಳಿ, ರಕ್ತ ಪರೀಕ್ಷೆ ಬೇಕಾಗುತ್ತದೆ.